ನನ್ನ ಕಾದಂಬರಿಯಲ್ಲಿ ಗಂಡನ ಕೈವಾಡ

ಕಾದಂಬರಿ ಅಂಗಡಿಗೆ ಬಂದ ಮೂರನೆಯ ಭಾನುವಾರ ಮೇಷ್ಟ್ರ ವಿಮರ್ಶೆ ಪ್ರಕಟವಾಯಿತು. ನನಗಿಂತ ಮೊದಲು ಅದನ್ನು ಓದಿದವರು ನನ್ನ ಗಂಡ. ಓದಿ, ಆ ಪುಟವನ್ನು ನಾಲ್ಕು ಮಡಿಕೆ ಮಾಡಿ, ಕುರ್ಚಿಯ ಮೇಲಿಟ್ಟು, ಅದರ ಮೇಲೆ ತಾವೇ ಕುಳಿತುಕೊಂಡರು. ನಾನು ಚಹಾ ತಂದಿಟ್ಟೆ. ಒಂದು ಮಾತೂ ಕೇಳಲಿಲ್ಲ.

"ಪುಸ್ತಕದ ಪುಟ ಇವತ್ತು ಬಂದೇ ಇಲ್ಲ," ಅಂದರು. ಒಂದು ಗುಟುಕು ಕುಡಿದು, "ಅಷ್ಟೇನೂ ಕೆಟ್ಟದಾಗಿ ಬರೆದಿಲ್ಲ ಬಿಡು," ಅಂದರು.

ನಾನು ಕಟ್ಟಿಕೊಂಡಿರುವುದು ಇಂಥವರನ್ನು. ಇವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನನಗೆ ಉಡುಗೊರೆ ತರುವುದಾದರೆ ಅಂಗಡಿಯಿಂದಲೇ ಫೋನ್ ಮಾಡಿ ಏನು ತರುತ್ತಿದ್ದೇನೆಂದು ಹೇಳಿಬಿಡುತ್ತಾರೆ. ಸಿನಿಮಾ ಮುಗಿಸಿ ಹೊರಬರುವಾಗ ಟಿಕೆಟ್ ಸಾಲಿನಲ್ಲಿ ನಿಂತವರಿಗೆ ಕೊನೆಯನ್ನು ಹೇಳಿ ಬೈಸಿಕೊಂಡಿದ್ದಾರೆ. ಅವರ ತಪ್ಪೂ ಅಲ್ಲ, ಕಸುಬಿನ ತಪ್ಪು. ಇವರು ರಾಜಕೀಯ ವರದಿಗಾರರು. ಪತ್ರಿಕೆಯ ಕೆಲಸದಲ್ಲಿ ಇಡೀ ಸುದ್ದಿ ಮೊದಲ ವಾಕ್ಯದಲ್ಲೇ ಇರಬೇಕು. ಉಳಿದದ್ದನ್ನು ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಿ ಎಸೆಯುತ್ತಾರೆ. ಆ ಅಭ್ಯಾಸ ಇವರ ರಕ್ತಕ್ಕೆ ಇಳಿದು ಬಹಳ ಕಾಲವಾಯಿತು.

"ಏಳಿ ಮೇಲೆ," ಅಂದೆ. ಎದ್ದರು.

ಮೇಷ್ಟ್ರು ಅಂದರೆ ಸಾಹಿತ್ಯ ಪಾಠ ಮಾಡಿ ನಿವೃತ್ತರಾದವರು. ಈಗ ವಾರಕ್ಕೊಂದು ಪುಸ್ತಕದ ಕಿವಿ ಹಿಂಡುತ್ತಾರೆ. ಅವರು ಮೆಚ್ಚಿದ ಪುಸ್ತಕ ಗ್ರಂಥಾಲಯಗಳಿಗೆ ಹೋಗುತ್ತದೆ, ಮೆಚ್ಚದ್ದು ಪ್ರಕಾಶಕರ ಗೋದಾಮಿನಲ್ಲಿ ಇಲಿಗಳ ಪಾಲಾಗುತ್ತದೆ. ನನ್ನ ಪುಸ್ತಕವನ್ನು ಅವರು ಮೆಚ್ಚಿದ್ದರು. ಕಷ್ಟ ಇದ್ದದ್ದೇ ಅಲ್ಲಿ. ಚುನಾವಣಾ ಪ್ರಚಾರದ ಒಳಮನೆಯನ್ನು ಇಷ್ಟು ಹತ್ತಿರದಿಂದ ತೋರಿಸಿದ ರೋಚಕ ಕಾದಂಬರಿ ನಮ್ಮಲ್ಲಿ ಬಂದಿರಲಿಲ್ಲ ಎಂದು ಬರೆದು, ಅದರ ಬೆನ್ನಿಗೇ ಹೀಗೆ ಬರೆದಿದ್ದರು: "ಲೇಖಕಿಯ ಪತಿ ಹೆಸರಾಂತ ರಾಜಕೀಯ ವರದಿಗಾರರು. ಈ ಪುಟಗಳಲ್ಲಿ ಯಾರ ಕೈ ಕೆಲಸ ಮಾಡಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ." ಆಮೇಲೆ ಇನ್ನೆರಡು ಮಾತು. ಅಭ್ಯರ್ಥಿಯ ಭಾಷಣಗಳು ಉದ್ದವಾಗಿವೆಯಂತೆ, ಹಾರಿಸಿ ಓದಿದರೂ ನಷ್ಟವಿಲ್ಲವಂತೆ. ಗುಟ್ಟು ಸೋರಿಸುತ್ತಿರುವವರು ಯಾರೆಂಬುದು ಚುರುಕಾದ ಓದುಗನಿಗೆ ಅರ್ಧದಲ್ಲೇ ತಿಳಿಯುತ್ತದಂತೆ. "ಹಣದ ಪೆಟ್ಟಿಗೆ ಯಾರ ಕೈಲಿದೆಯೋ ಅವರನ್ನು ನೋಡಿ, ಸಾಕು" ಎಂದು ಕಣ್ಣು ಹೊಡೆದು ಮುಗಿಸಿದ್ದರು.

ನನ್ನ ಮೈಯೆಲ್ಲ ಉರಿದುಹೋಯಿತು.

ಯಾಕೆಂದು ಹೇಳುತ್ತೇನೆ. ನಾನು ಭಾಷಣ ಬರೆಯುವವಳು. ಮದುವೆಗೆ ಮುಂಚಿನಿಂದಲೂ ಅದೇ ನನ್ನ ಕೆಲಸ. ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಪ್ರಚಾರ ಕಚೇರಿ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಹತ್ತಿದ ಮೇಲೆ ಅಂಟಿನ ವಾಸನೆ. ಗೋಡೆಯ ತುಂಬ ಕ್ಷೇತ್ರದ ನಕ್ಷೆ, ನೆಲದ ತುಂಬ ಇನ್ನೂ ಒಣಗದ ಪೋಸ್ಟರು, ಕಿಟಕಿಯಾಚೆ ಧ್ವನಿವರ್ಧಕ ಕಟ್ಟಿಕೊಂಡ ವ್ಯಾನು "ಹಲೋ, ಹಲೋ" ಎಂದು ಬೆಳಗಿನಿಂದ ಒಂದೇ ಮಾತಾಡುತ್ತಿರುತ್ತದೆ. ಅಲ್ಲಿ ಮೂಲೆಯ ಮೇಜಿನಲ್ಲಿ ಕೂತು ನಾನು ಅಭ್ಯರ್ಥಿಗಳ ಬಾಯಿಗೆ ಮಾತು ಹಾಕಿದ್ದೇನೆ. ಅವರು ವೇದಿಕೆಯ ಮೇಲೆ ಗುಡುಗುವಾಗ ನಾನು ಪರದೆಯ ಹಿಂದೆ, ಕಂಬಕ್ಕೆ ಒರಗಿ, ತುಟಿ ಅಲ್ಲಾಡಿಸುತ್ತಿರುತ್ತೇನೆ. ಚಪ್ಪಾಳೆ ಅವರಿಗೆ, ಸಂಬಳ ನನಗೆ. ಅದು ಒಪ್ಪಿಕೊಂಡ ವ್ಯವಹಾರ, ಅದರಲ್ಲಿ ನನಗೆ ಬೇಸರವಿರಲಿಲ್ಲ. ಆದರೆ ಈ ಕಾದಂಬರಿ ಹಾಗಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ನನ್ನದೇ ಹೆಸರು ಹಾಕಿದ್ದೆ. ಅದನ್ನೂ ಎತ್ತಿ ಇನ್ನೊಬ್ಬರ ಬಾಯಿಗಿಟ್ಟರೆ ಯಾರಿಗೆ ತಾನೇ ಸಹಿಸಲಾಗುತ್ತದೆ?

ಈ ಗಂಡ ಸಿಕ್ಕಿದ್ದೂ ಒಂದು ಪ್ರಚಾರ ಸಭೆಯಲ್ಲೇ. ನಾನು ಬರೆದ ಭಾಷಣ ಇನ್ನೂ ಮುಗಿದಿರಲಿಲ್ಲ, ಇವರು ಪೆನ್ನಿನ ಮುಚ್ಚಳ ಹಾಕಿಕೊಂಡು ಹೊರಟರು. ಕೊನೆಯ ಸಾಲು ಕೇಳಿಕೊಂಡು ಹೋಗಿ ಎಂದು ಅಡ್ಡ ನಿಂತು ಜಗಳ ಆಡಿದ್ದೆ. ಆ ಜಗಳ ಮದುವೆಗೆ ಬಂದು ನಿಂತಿತು, ಇನ್ನೂ ನಡೆಯುತ್ತಿದೆ.

ಕಾದಂಬರಿಯನ್ನು ನಾನು ಬರೆದದ್ದು ಇವರಿಗೆ ಗೊತ್ತಾಗದ ಹಾಗೆ. ಬರೆಯುತ್ತಿದ್ದೇನೆ ಎಂಬುದು ಗೊತ್ತಿತ್ತು, ಏನು ಎಂಬುದು ಗೊತ್ತಿರಲಿಲ್ಲ. ಚುನಾವಣೆ ಇಲ್ಲದ ತಿಂಗಳುಗಳಲ್ಲಿ ಖಾಲಿ ಕಚೇರಿಯಲ್ಲಿ ಕೂತು ಬರೆದೆ, ಅಲ್ಲೇ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಒಂದು ಪಕ್ಷದ ಪ್ರಚಾರದ ಗುಟ್ಟುಗಳೆಲ್ಲ ಒಂದೊಂದಾಗಿ ಎದುರು ಪಕ್ಷಕ್ಕೆ ಸೋರುತ್ತವೆ, ಸೋರಿಸುವವರು ಯಾರೆಂಬುದು ಕೊನೆಯ ಅಧ್ಯಾಯದವರೆಗೆ ತಿಳಿಯಬಾರದು. ಇಂಥ ಕಥೆಯನ್ನು ಇವರ ಕಿವಿಗೆ ಹಾಕಿದರೆ ಮುಗಿಯಿತು, ಅಚ್ಚು ಹಾಕಿಸುವ ಅಗತ್ಯವೇ ಇರುವುದಿಲ್ಲ. ಪುಸ್ತಕ ಅಚ್ಚಾಗಿ ಕೈಗೆ ಬಂದ ಮೇಲಷ್ಟೇ ಒಂದು ಪ್ರತಿ ಕೊಟ್ಟೆ. ಒಂದೇ ಪಟ್ಟಿಗೆ ಓದಿದರು. ಮುಗಿಸಿ, ಬಂದು ನನ್ನ ಮುಂದೆ ಸುಮ್ಮನೆ ನಿಂತುಕೊಂಡರು. ಇವರ ಬಾಯಿ ಮುಚ್ಚಿಸಿದ್ದು ನನ್ನ ಮೊದಲ ಗೆಲುವು. ಕೊನೆಯನ್ನು ಯಾರಿಗೂ ಹೇಳಕೂಡದು, ನಿಮ್ಮ ತಾಯಿಗೂ ಕೂಡ, ಎಂದು ಆಣೆ ಹಾಕಿಸಿಕೊಂಡೆ.

ವಿಮರ್ಶೆ ಓದಿದ ಮರುಕ್ಷಣ ನನಗೆ ಎರಡು ವಿಷಯ ಸ್ಪಷ್ಟವಾಗಿದ್ದವು. ಒಂದು, ಮೇಷ್ಟ್ರು ಪುಸ್ತಕವನ್ನು ಕೊನೆಯವರೆಗೆ ಓದಿಲ್ಲ. ಹಣದ ಪೆಟ್ಟಿಗೆ ಇಟ್ಟುಕೊಂಡ ಖಜಾಂಚಿಯೇ ದ್ರೋಹಿ ಎಂದು ಓದುಗ ನಂಬಲಿ ಅಂತಲೇ ನಾನು ಅರ್ಧ ಪುಸ್ತಕ ಬೆವರು ಸುರಿಸಿದ್ದು. ಮೇಷ್ಟ್ರು ಅಲ್ಲಿಗೇ ಪುಸ್ತಕ ಮುಚ್ಚಿದ್ದಾರೆ. ಎರಡು, ಇದನ್ನು ನಾನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಖಜಾಂಚಿ ಅಲ್ಲ ಎಂದರೂ ಅರ್ಧ ಗುಟ್ಟು ಹೋದ ಹಾಗೆ.

ನನ್ನ ಪ್ರಕಾಶಕಿಯ ಹತ್ತಿರ ಹೋಗಿ ಕೂಗಾಡಿದೆ. ಆಕೆ ಗಟ್ಟಿ ಹೆಂಗಸು, ಅಪ್ಪನಿಂದ ಬಂದ ಸಣ್ಣ ಅಚ್ಚುಕೂಟವನ್ನು ಒಬ್ಬಳೇ ನಡೆಸುತ್ತಾಳೆ. ಕಾಗದದ ಕಟ್ಟುಗಳ ನಡುವೆ ಕೂತು, ನನ್ನ ಉರಿ ಆರುವವರೆಗೆ ಕೇಳಿದಳು.

"ಉತ್ತರ ಬರೆದ್ರೆ ಕೊನೆ ಹೇಳ್ಬೇಕಾಗುತ್ತೆ. ಕೊನೆ ಹೇಳಿದ್ರೆ ಪುಸ್ತಕ ಯಾರು ಕೊಳ್ತಾರೆ? ಸ್ವಲ್ಪ ದಿನ ಹಲ್ಲು ಕಚ್ಚಿಕೊಂಡಿರಿ."

"ನನ್ನ ಪುಸ್ತಕ ನಂದಲ್ಲ ಅಂತಿದಾರೆ."

"ಚೆನ್ನಾಗಿಲ್ಲ ಅಂತ ಅಂದಿಲ್ವಲ್ಲ," ಅಂದಳು ಆಕೆ. ವ್ಯಾಪಾರಸ್ಥರ ಜೊತೆ ದುಃಖ ಹಂಚಿಕೊಳ್ಳಬಾರದು.

ವಿಮರ್ಶೆಯೂ ಒಂದು ಅಂಟುರೋಗ. ಮುಂದಿನ ವಾರ ಬೇರೆ ಪತ್ರಿಕೆಗಳಲ್ಲೂ ಅದೇ ಮಾತು, ವಾಕ್ಯ ಮಾತ್ರ ತಿರುವುಮುರುವು. ಒಂದು ಸಂಜೆ ಪತ್ರಿಕೆಯಂತೂ ನನ್ನ ಚಿತ್ರದ ಬದಲು ಇವರ ಚಿತ್ರ ಹಾಕಿತು. ಇವರು ಸಿಕ್ಕಸಿಕ್ಕವರಿಗೆಲ್ಲ "ನಂದೇನೂ ಇಲ್ಲ ಮಾರಾಯ್ರೇ, ಎಲ್ಲಾ ಅವಳದೇ" ಎಂದು ಹೇಳಿದರು. ಹೇಳಿದಷ್ಟೂ ಜನ ಇವರ ದೊಡ್ಡ ಗುಣವನ್ನು ಕೊಂಡಾಡಿದರು. ಮನೆಯಲ್ಲೂ ಅದೇ ಕಥೆ. ಅತ್ತೆ ತಮ್ಮ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು: "ನಮ್ಮವನು ಹೇಳ್ಕೊಟ್ಟಿರ್ತಾನೆ, ಇವಳು ಬರ್ಕೊಂಡಿರ್ತಾಳೆ. ಇಬ್ರೂ ಸೇರಿ ಏನೋ ಮಾಡಿದಾರೆ, ಚೆನ್ನಾಗೇ ಇದೆ." ಅತ್ತೆ ಕೆಟ್ಟವರಲ್ಲ. ಭೂತಗನ್ನಡಿ ಹಿಡಿದು ದಿನಕ್ಕೆ ಒಂದಿಷ್ಟು ಪುಟ ಓದುತ್ತಿದ್ದರು, ಸಾರಿಗೆ ಉಪ್ಪು ಹಾಕುವುದನ್ನು ಮರೆಯುವಷ್ಟು ಮುಳುಗಿದ್ದರು. ಆದರೂ ಆ ಮಾತು ಕೇಳಿದ ಮೇಲೆ ಎರಡು ದಿನ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ತಿಂಗಳ ಕೊನೆಗೆ ಗ್ರಂಥಾಲಯದ ಸಭಾಂಗಣದಲ್ಲಿ ಸಂವಾದ ಏರ್ಪಾಡಾಯಿತು. ಆಹ್ವಾನ ಪತ್ರಿಕೆ ನೋಡಿದೆ. ಮೇಷ್ಟ್ರ ಹೆಸರು ಮೇಲೆ, ಅದರ ಕೆಳಗೆ ಇವರ ಹೆಸರು, ಅದರ ಕೆಳಗೆ "ಲೇಖಕಿಯೂ ಉಪಸ್ಥಿತರಿರುತ್ತಾರೆ."

"ಉಪಸ್ಥಿತಳಿರ್ತೀನಂತೆ. ಕುರ್ಚಿ ಥರ," ಅಂದೆ.

"ನಾನು ಹೋಗೋದಿಲ್ಲ," ಅಂದರು ಇವರು.

"ಹೋಗ್ಬೇಕು. ಹೋಗಿ, ನಾನು ಬರೆದಿಲ್ಲ ಅಂತ ಮೈಕಿನಲ್ಲಿ ಹೇಳಿ ಇಳೀಬೇಕು. ಅದರ ಮೇಲೆ ಒಂದಕ್ಷರ ಕೂಡದು. ಕೊನೆ ಸುದ್ದಿಗೆ ಹೋದ್ರೆ ನೋಡಿ."

"ಬಾಯಿಗೆ ಬೀಗ," ಅಂದರು. ಪಾಪ, ಮನಸ್ಸಿನಿಂದಲೇ ಅಂದರು.

ಸಂಜೆಯ ಹೊತ್ತು, ಸಭಾಂಗಣ ತುಂಬಿತ್ತು. ಎತ್ತರದ ಕಿಟಕಿಗಳಿಂದ ಇಳಿಬಿಸಿಲು ಬಿದ್ದು ಕಪಾಟಿನ ಗಾಜುಗಳು ಕಣ್ಣು ಕುಕ್ಕುತ್ತಿದ್ದವು. ಮುಂದಿನ ಸಾಲಿನಲ್ಲಿ ಅತ್ತೆ, ಮಡಿಲಲ್ಲಿ ಪುಸ್ತಕ, ಪುಸ್ತಕದ ನಡುವೆ ಗುರುತಿಗೆ ಒಂದು ಬಸ್ ಟಿಕೆಟ್ಟು. ಪ್ರಕಾಶಕಿ ಬಾಗಿಲ ಬಳಿ ಪುಸ್ತಕ ಜೋಡಿಸಿಕೊಂಡು ನಿಂತಿದ್ದಳು. ಮೇಷ್ಟ್ರು ತೆಳ್ಳಗೆ, ನೆಟ್ಟಗೆ, ಮಾತಾಡುವಾಗ ಕನ್ನಡಕವನ್ನು ಕೈಲಿ ಹಿಡಿದುಕೊಂಡು, ಬರೆದದ್ದನ್ನೇ ಇನ್ನೂ ಚೆಂದವಾಗಿ ಹೇಳಿದರು. ಆಮೇಲೆ ಪ್ರಶ್ನೆಗಳು. ಎಲ್ಲವೂ ಇವರಿಗೇ. ಮತಗಟ್ಟೆಯ ವಿವರ ಹೇಗೆ ಸಿಕ್ಕಿತು ಸಾರ್, ವ್ಯಾನಿನ ದೃಶ್ಯ ನಿಜವಾಗಿ ನಡೆದದ್ದಾ ಸಾರ್. ನಾನು ಇವರ ಪಕ್ಕದಲ್ಲಿ ಕೂತು ನೀರಿನ ಲೋಟವನ್ನು ನೋಡುತ್ತಿದ್ದೆ. ಅಳು ಬರುವಂತಿತ್ತು, ಕೋಪದಿಂದ.

ಕೊನೆಗೆ ಮೇಷ್ಟ್ರೇ ನಗುತ್ತ ಇವರ ಕಡೆ ತಿರುಗಿದರು. "ಈಗಲಾದರೂ ಒಪ್ಪಿಕೊಳ್ಳಿ. ಹೆಂಡತಿಗೆ ಎಷ್ಟು ಪಾಲು, ನಿಮಗೆಷ್ಟು?"

ಇವರು ಎದ್ದು ನಿಂತರು. ಕಿವಿ ಕೆಂಪಾಗಿತ್ತು. ನನ್ನ ಮೇಲಿನ ಪ್ರೀತಿಗೆ ಮೈಕನ್ನು ಎರಡೂ ಕೈಲಿ ಹಿಡಿದುಕೊಂಡರು. ಈ ಮುಖ ನನಗೆ ಗೊತ್ತು. ಉಡುಗೊರೆ ಅಂಗಡಿಯಿಂದ ಫೋನ್ ಮಾಡುವ ಮುಖ ಇದು.

"ಒಂದಕ್ಷರ ನಂದಲ್ಲ ಸಾರ್," ಅಂದರು. "ಗುಟ್ಟನ್ನೆಲ್ಲಾ ಸೋರಿಸ್ತಿದ್ದೋನು ಆ ಅಭ್ಯರ್ಥಿನೇ ಅಂತ ಕೊನೇ ಪುಟದವರೆಗೂ ನನಗೇ ಗೊತ್ತಾಗ್ಲಿಲ್ಲ. ಇನ್ನು ನಾನೆಲ್ಲಿ ಬರೀಲಿ?"

ಹೇಳಿ, ನಾಲಿಗೆ ಕಚ್ಚಿಕೊಂಡರು. ಇಡೀ ಸಭಾಂಗಣ ಒಟ್ಟಿಗೆ ನರಳಿತು. ಬಾಗಿಲ ಬಳಿ ಪ್ರಕಾಶಕಿ ತಲೆಯ ಮೇಲೆ ಕೈ ಹೊತ್ತುಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ ಪುಸ್ತಕವನ್ನು ಪಟ್ಟನೆ ಮುಚ್ಚಿದರು. ನಾನು ಕಣ್ಣು ಮುಚ್ಚಿಕೊಂಡೆ. ಮೂರು ವರ್ಷದ ಕೆಲಸ, ಒಂದು ವಾಕ್ಯದಲ್ಲಿ ಬಯಲು. ಮುಗಿಯಿತು ಅಂದುಕೊಂಡೆ.

ಆಗ ಮುಂದಿನ ಸಾಲಿನಿಂದ ಅತ್ತೆಯ ದನಿ ಕೇಳಿಸಿತು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರು ಮೆಲ್ಲಗೆ ಆಡಿದ್ದೂ ಊರಿಗೇ ಕೇಳುತ್ತದೆ.

"ಹೋಯ್ತಲ್ಲೋ. ಇನ್ನೂ ನೂರು ಪುಟ ಇತ್ತು ನಂಗೆ. ನಿನ್ನ ಬಾಯಿಗಿಷ್ಟು ಬೆಂಕಿ ಹಾಕ." ಎದ್ದು ನಿಂತು, ಭೂತಗನ್ನಡಿಯನ್ನು ಮೇಷ್ಟ್ರ ಕಡೆ ತೋರಿಸಿದರು. "ಇವನು ನನ್ನ ಮಗ ಸ್ವಾಮಿ, ಹೆತ್ತೋಳು ನಾನು. ಎರಡು ನಿಮಿಷ ಇವನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ. ನಾನೂರು ಪುಟ ಮುಚ್ಚಿಟ್ಟನಂತಾ ಇವನು? ಬರೆದಿರೋಳು ಅವಳು. ಇವನಿಗೆ ಯೋಗ್ಯತೆ ಇಲ್ಲ."

ಸಭೆಯಲ್ಲಿ ಎದ್ದ ನಗು ಅಂತಿಂಥದ್ದಲ್ಲ. ಗ್ರಂಥಾಲಯದ ಸಿಬ್ಬಂದಿ ಅಭ್ಯಾಸಬಲದಿಂದ ಬೆರಳನ್ನು ತುಟಿಗಿಟ್ಟು, ಆಮೇಲೆ ತಾವೂ ನಕ್ಕರು. ಇವರು ತಲೆ ತಗ್ಗಿಸಿ, "ಅಮ್ಮ ಹೇಳಿದ್ದು ಸರಿ," ಅಂದರು ಮೈಕಿನಲ್ಲೇ. ಅತ್ತೆ ಸೊಸೆಯ ಪರವಾಗಿ ಮಗನ ಮರ್ಯಾದೆ ತೆಗೆದದ್ದನ್ನು ನಾನು ಬೇರೆ ಯಾವ ಮನೆಯಲ್ಲೂ ಕಂಡಿಲ್ಲ. ಒಳಗೆ ಉಳಿದಿದ್ದ ಮುನಿಸು ಅಲ್ಲೇ ಕರಗಿತು.

ನಗದೆ ಇದ್ದವರು ಒಬ್ಬರೇ. ಮೇಷ್ಟ್ರು ಕನ್ನಡಕ ಹಾಕಿಕೊಂಡಿದ್ದರು.

"ಅಭ್ಯರ್ಥಿನಾ?" ಅಂದರು, ಯಾರನ್ನೂ ಕೇಳದೆ. ಮೇಜಿನ ಮೇಲಿದ್ದ ಪ್ರತಿಯನ್ನು ಎಳೆದುಕೊಂಡರು. "ಸ್ವಲ್ಪ ಹೊತ್ತು ಕೊಡಿ," ಅಂದು ಕೂತು ಕೊನೆಯ ಅಧ್ಯಾಯ ತೆಗೆದರು.

ಅಷ್ಟು ಜನ ಕಾದು ಕೂತರು. ಫ್ಯಾನಿನ ಸದ್ದು, ಒಂದೆರಡು ಕೆಮ್ಮು, ಪುಟ ತಿರುವುವ ಸಪ್ಪಳ. ಬರೆಯುವವರ ಹಣೆಯಲ್ಲಿ ಇಂಥದೊಂದು ಭಾಗ್ಯ ಸಾಮಾನ್ಯವಾಗಿ ಇರುವುದಿಲ್ಲ. ನಾವು ಬರೆದ ಕೊನೆಯನ್ನು ಓದುಗ ಎಲ್ಲೋ ತನ್ನ ಮನೆಯ ಮಂಚದ ಮೇಲೆ ಓದುತ್ತಾನೆ, ಆಗ ಅವನ ಮುಖ ಹೇಗಾಯಿತೆಂದು ನಮಗೆ ತಿಳಿಯುವುದೇ ಇಲ್ಲ. ನನಗೆ ಆ ಮುಖ ಎರಡಡಿ ದೂರದಲ್ಲಿತ್ತು. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಬಾಯಿ ಕೊಂಚ ತೆರೆಯಿತು. ಆಮೇಲೆ ಅವರು ಸರಸರನೆ ಪುಟಗಳನ್ನು ಹಿಂದಕ್ಕೆ ತಿರುವತೊಡಗಿದರು. ಮೊದಲ ಭಾಷಣ, ಎರಡನೆಯದು, ಮೂರನೆಯದು. ಒಂದೊಂದರ ಕೊನೆಯ ಸಾಲಿನ ಮೇಲೂ ಬೆರಳಿಟ್ಟು ನಿಲ್ಲಿಸಿದರು. ತಾವು ಹಾರಿಸಿದ್ದ ಪುಟಗಳನ್ನೆಲ್ಲ ಈಗ ಹುಡುಕಿ ಹುಡುಕಿ ಓದುತ್ತಿದ್ದರು. ನಾನು ಅಂದು ಅನುಭವಿಸಿದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹೊಟ್ಟೆ ತುಂಬಿತು.

"ಎಲ್ಲೂ ಇಲ್ಲ," ಅಂದರು ಕೊನೆಗೆ.

"ಏನು ಸಾರ್ ಇಲ್ಲ?" ಸಭೆಯಿಂದ ಯಾರೋ ಕೇಳಿದರು.

"ಇಷ್ಟು ಭಾಷಣದಲ್ಲಿ ಒಂದ್ಸಲವೂ ಅವನು 'ನನಗೆ ಮತ ಕೊಡಿ' ಅಂತ ಕೇಳೋದಿಲ್ಲ."

"ಕೈ ಮುಗಿಯೋ ಸಾಲು ಅಂತೀವಿ ನಾವು," ಅಂದೆ. ಮೈಕು ನನ್ನ ಮುಂದಿರಲಿಲ್ಲ, ಆದರೂ ಕೇಳಿಸಿತು. "ಭಾಷಣ ಬರೆಯೋರು ಮೊದಲು ಬರೆಯೋದೇ ಆ ಸಾಲು. ಉಳಿದದ್ದೆಲ್ಲ ಅಲ್ಲಿಗೆ ಹೋಗೋ ದಾರಿ. ಗೆಲ್ಲೋಕೆ ಇಷ್ಟ ಇಲ್ಲದೋನು ಮಾತ್ರ ಅದನ್ನ ಬಿಡ್ತಾನೆ. ಅಣ್ಣ ಸತ್ತ ಅಂತ ಮನೆಯವರು ಬಲವಂತವಾಗಿ ಅವನ ಜಾಗಕ್ಕೆ ಇವನನ್ನ ನಿಲ್ಲಿಸಿದಾರೆ. ಮೊದಲನೇ ಭಾಷಣದಿಂದಲೇ ಅವನು ಸೋಲೋಕೆ ದುಡೀತಿದಾನೆ. ಎಲ್ಲರ ಕಣ್ಣೆದುರಿಗೇ ಇಟ್ಟಿದ್ದೆ."

ಇವರು ಮತ್ತೆ ಮೈಕು ಹಿಡಿದರು. ನಾನು ಬೇಡವೆನ್ನುವಷ್ಟರಲ್ಲಿ, "ಇಷ್ಟು ವರ್ಷ ಭಾಷಣ ವರದಿ ಮಾಡಿದೀನಿ, ಆ ಸಾಲನ್ನ ಒಂದ್ಸಲವೂ ಬರ್ಕೊಂಡಿಲ್ಲ," ಅಂದರು. "ಅದು ಸುದ್ದಿಯಲ್ಲ ಅಂತ ಅಷ್ಟು ಹೊತ್ತಿಗೆ ನಾವು ಪೆನ್ನು ಮುಚ್ಚಿರ್ತೀವಿ. ಆ ಸಾಲು ಇಲ್ಲ ಅನ್ನೋದು ನನಗೆ ಎಲ್ಲಿಂದ ಹೊಳೀಬೇಕು?" ಈ ಸಲ ಅವರ ಬಾಯಿಂದ ಬಂದದ್ದು ಸರಿಯಾಗಿಯೇ ಬಂತು.

ಮೇಷ್ಟ್ರು ಎದ್ದು ನಿಂತರು. ಆ ಮನುಷ್ಯನನ್ನು ನಾನು ಒಂದು ತಿಂಗಳು ಬಾಯಿಗೆ ಬಂದ ಹಾಗೆ ಬೈದಿದ್ದೇನೆ, ಆದರೆ ಅವರು ಅಂದು ಮಾಡಿದ್ದನ್ನು ಮಾಡಲು ದೊಡ್ಡ ಎದೆ ಬೇಕು.

"ಈ ಕಾದಂಬರಿನ ನಾನು ಪೂರ್ತಿ ಓದಿರಲಿಲ್ಲ," ಅಂದರು. "ಭಾಷಣ ಬಂದಲ್ಲೆಲ್ಲ ಪುಟ ಹಾರಿಸಿದೆ. ಖಜಾಂಚಿನೇ ಕಳ್ಳ ಅಂತ ತೀರ್ಮಾನ ಮಾಡಿ ಅರ್ಧಕ್ಕೇ ಮುಚ್ಚಿಟ್ಟೆ. ಓದದೇ ಬರೆದೆ, ಅದು ತಪ್ಪು. ಬರೆದದ್ದೂ ತಪ್ಪೇ. ನನಗೆ ಚೆನ್ನಾಗಿ ಟೋಪಿ ಹಾಕಿದಾರೆ." ನನ್ನ ಕಡೆ ಕೈ ತೋರಿಸಿದರು. "ಇವರು ಹಾಕಿದಾರೆ. ಇವರ ಯಜಮಾನರಲ್ಲ. ಬರೋ ಭಾನುವಾರ ಇದನ್ನೇ ಬರೀತೀನಿ."

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದಳು. ಪುಸ್ತಕವನ್ನು ಪಟ್ಟನೆ ಮುಚ್ಚಿದವಳು ಅವಳೇ ಇರಬೇಕು. "ನಂದು ಅರ್ಧ ಆಗಿತ್ತು. ಕೊನೆ ಗೊತ್ತಾಯ್ತಲ್ಲ ಅಂತ ಸಿಟ್ಟು ಬಂತು. ಈಗ ಮೊದಲಿಂದ ಓದ್ಬೇಕು ಅನ್ನಿಸ್ತಿದೆ, ಹೇಗೆ ಮುಚ್ಚಿಟ್ರು ಅಂತ ನೋಡೋಕೆ," ಅಂದಳು. ಹೌದು ಹೌದು ಎಂದು ಸುತ್ತ ನಾಲ್ಕು ತಲೆ ಅಲ್ಲಾಡಿದವು. ಬಾಗಿಲ ಬಳಿ ಪ್ರಕಾಶಕಿಯ ಕೈ ತಲೆಯಿಂದ ಕೆಳಗಿಳಿಯಿತು. ಕೊನೆ ತಿಳಿದ ಮೇಲೂ ಓದಿಸಿಕೊಳ್ಳುವ ಪುಸ್ತಕ ಬರೆದಿದ್ದೇನೆಂದು ನನಗೂ ಆವರೆಗೆ ಗೊತ್ತಿರಲಿಲ್ಲ.

ಆಮೇಲಿನ ಪ್ರಶ್ನೆಗಳೆಲ್ಲ ನನಗೇ ಬಂದವು. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಕೈ ಎತ್ತುತ್ತಿದ್ದರು. ಮೇಷ್ಟ್ರು ಕೊನೆಯ ಪುಟಕ್ಕೆ ಬೆರಳಿಟ್ಟು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

"ಗೆದ್ದ ಮೇಲೆ ಅವನು ಮಾಡೋ ಭಾಷಣ ನೀವೇ ಓದಿ," ಅಂದರು. "ಈ ಸಲ ನಾನು ಹಾರಿಸೋದಿಲ್ಲ."

ಸೋಲಬೇಕೆಂದು ಅಷ್ಟೆಲ್ಲ ಮಾಡಿದ ನನ್ನ ಅಭ್ಯರ್ಥಿ ಕೊನೆಗೆ ಗೆದ್ದುಬಿಡುತ್ತಾನೆ. ಬೇಡುವವರನ್ನು ನೋಡಿ ನೋಡಿ ಬೇಸತ್ತ ಜನ, ಬೇಡದೆ ನಿಂತ ಒಬ್ಬನೇ ಒಬ್ಬನಿಗೆ ಮತ ಹಾಕಿರುತ್ತಾರೆ. ಯಾರೋ ಮೈಕನ್ನು ನನ್ನ ಮುಂದೆ ತಂದಿಟ್ಟು ಎತ್ತರ ಸರಿಮಾಡಿದರು. ಎಷ್ಟೋ ಭಾಷಣ ಬರೆದವಳು ನಾನು, ಆದರೆ ಪರದೆಯ ಈ ಕಡೆ ನಿಂತವಳಲ್ಲ. ಮೊದಲ ಸಾಲು ತೊದಲಿತು, ಎರಡನೆಯದಕ್ಕೆ ದನಿ ಕೂಡಿಕೊಂಡಿತು. ನನ್ನ ದನಿ ಇಷ್ಟು ದೊಡ್ಡದೆಂದು ನನಗೆ ತಿಳಿದಿರಲಿಲ್ಲ. ಕಡೆಯ ಸಾಲಿಗೆ ಬಂದಾಗ ನೋಡಿ ಓದಬೇಕಾಗಿರಲಿಲ್ಲ, ತಲೆ ಎತ್ತಿ ಹೇಳಿದೆ.

"ನಾನು ಕೇಳಲಿಲ್ಲ. ನೀವು ಕೊಟ್ಟಿರಿ. ಇನ್ನು ಇದು ನನ್ನದು."

ಚಪ್ಪಾಳೆ ಶುರುವಾಯಿತು. ಮೇಷ್ಟ್ರು ಎದ್ದರು, ಅತ್ತೆ ಎದ್ದರು, ಆಮೇಲೆ ಸಾಲು ಸಾಲಾಗಿ ಎಲ್ಲರೂ ಎದ್ದರು. ಬೇರೆಯವರಿಗೆ ಬಿದ್ದ ಚಪ್ಪಾಳೆಯನ್ನು ಹಿಂದಿನಿಂದ ಕೇಳಿ ನನಗೆ ಅಭ್ಯಾಸ. ಮುಂದಿನಿಂದ ಅದು ಬೇರೆಯೇ ಥರ ಕೇಳಿಸುತ್ತದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಇವರು ಮೆಲ್ಲಗೆ ನನ್ನ ತೋಳು ಮುಟ್ಟಿ, "ಕೂತ್ಕೋ," ಅಂದರು. ನಾನು ಕೂರಲಿಲ್ಲ, ಚಪ್ಪಾಳೆ ಪೂರ್ತಿ ನಿಲ್ಲುವವರೆಗೂ ಅಲ್ಲೇ ನಿಂತಿದ್ದೆ.